ಹೊಳಪು ಆರುವ ಮೊದಲು

ಕಳೆದ ತಿಂಗಳು ಹೊಸಪೇಟೆಯ ಒಂದು ದಂತ ಚಿಕಿತ್ಸಾಲಯದಲ್ಲಿ ನನ್ನ ದವಡೆ ಹಲ್ಲಿನ ಹುಳುಕಿಗೆ ಸಿಮೆಂಟು ತುಂಬಿಸಿಕೊಂಡೆ. ತುಂಬುವಾಗ ಹಸಿ ಸಿಮೆಂಟಿನ ಚೂರೊಂದು ನಾಲಿಗೆಯ ಅಂಚಿಗೆ ತಾಗಿತು. ಹುಣಸೆಯದೂ ಅಲ್ಲದ, ನಿಂಬೆಯದೂ ಅಲ್ಲದ, ಸೀಮೆಸುಣ್ಣ ಕಚ್ಚಿದಂಥ ಒಂದು ಹುಳಿ. ವೃತ್ತಿಯುದ್ದಕ್ಕೂ ಇದೇ ಸಿಮೆಂಟನ್ನು ಲೆಕ್ಕವಿಲ್ಲದಷ್ಟು ಬಾಯಿಗಳಿಗೆ ತುಂಬಿದ ದಂತವೈದ್ಯ ನಾನು. ಅದರ ರುಚಿ ನನಗೆ ತಿಳಿದದ್ದು ಅದೇ ಮೊದಲು. ಬಾಯಿ ತೆರೆದು ಮಲಗಿದ್ದಾಗ, ಇಪ್ಪತ್ತೈದು ವರ್ಷಗಳ ಹಿಂದೆ ಒಬ್ಬರು ಅದನ್ನು ಬೇಕೆಂದೇ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದ್ದು ನೆನಪಾಯಿತು...

“ಹುಡುಗ್ರು ಯಾಕ ಉಗಳ್ತಾವ ಅಂತ ನೋಡಬೇಕಲ್ರಿ ಸಾರ್,” ಎಂದಿದ್ದರು. ಅಂದಿನಿಂದ ಪ್ರತಿ ಮಗುವಿಗೂ ಮೊದಲೇ ಹೇಳಿಬಿಡುತ್ತಿದ್ದರು: “ಹುಳಿ ಇರ್ತೈತಿ ನೋಡಪಾ, ಹುಣಸಿಕಾಯಿ ಅಂತ ತಿಳ್ಕೊ. ಉಗಳಿದ್ಯೋ, ಮತ್ತ ಮೊದಲಿಂದ ಕುಂದ್ರಬೇಕಾಗತೈತಿ.” ಮಕ್ಕಳು ಉಗುಳುವುದು ನಿಂತಿತು. ಅಷ್ಟು ಸರಳವಾದ ಉಪಾಯ ನನಗೆ ಹೊಳೆದಿರಲಿಲ್ಲ.

ಅವರು ನಾನು ಆಗ ಕೆಲಸ ಮಾಡುತ್ತಿದ್ದ ದಂತ ಆರೋಗ್ಯ ಸಂಸ್ಥೆಯ ಆಯಾ. ಎಲ್ಲರಿಗೂ ಆಯಮ್ಮ. ಪಾಪಿನಾಯಕನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದಬಲ್ಲವರಾಗಿದ್ದರು. ನನಗಿಂತ ನಾಲ್ಕಾರು ವರ್ಷ ಹಿರಿಯರಾದರೂ ಅಂದು ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ. ಇಂದು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಬಹಳ ತಡವಾಗಿ ಬಂದ ಬಹುವಚನ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಅವಮಾನಗಳನ್ನು ಮರೆಯುವವನಲ್ಲ. ಕಂಪ್ಲಿಯ ಕಡೆಯ ಮುಖ್ಯೋಪಾಧ್ಯಾಯರೊಬ್ಬರು ನನ್ನನ್ನು ಔಷಧ ಮಾರುವವನೆಂದು ಭಾವಿಸಿ ಜಗಲಿಯಲ್ಲಿ ನಿಲ್ಲಿಸಿದ್ದು, ಸೋದರಮಾವ ತುಂಬಿದ ಪಂಕ್ತಿಯಲ್ಲಿ “ಹಲ್ಲು ಕೀಳಾಂವನೂ ಡಾಕ್ಟ್ರಾ?” ಎಂದದ್ದು, ಸಭೆಯೊಂದರಲ್ಲಿ ನಾನು ಮಾತನಾಡುತ್ತಿದ್ದಾಗ ಅಧ್ಯಕ್ಷರು ಕೈಗಡಿಯಾರ ಬಿಚ್ಚಿ ನನ್ನೆದುರು ಇಟ್ಟದ್ದು, ಎಲ್ಲವೂ ದಿನ, ಸ್ಥಳ, ಸಾಕ್ಷಿಗಳ ಸಮೇತ ನನ್ನಲ್ಲಿ ಉಳಿದಿವೆ. ಅವರಲ್ಲಿ ಯಾರನ್ನೂ ನಾನು ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ಆಯಮ್ಮನವರ ಒಂದು ಮಾತನ್ನು ಕೂಡ ಬಹುಕಾಲ ಅದೇ ಸಾಲಿನಲ್ಲಿ ಇಟ್ಟುಕೊಂಡಿದ್ದೆ. ಅದು ಅಲ್ಲಿರತಕ್ಕದ್ದಲ್ಲ.

ಆ ವರ್ಷ ಒಂದು ಅಧ್ಯಯನವನ್ನು ನನಗೆ ವಹಿಸಲಾಗಿತ್ತು. ವಿದ್ಯುತ್ತಿಲ್ಲದೆ, ಯಂತ್ರವಿಲ್ಲದೆ, ಕೈ ಉಪಕರಣದಿಂದಲೇ ಮಕ್ಕಳ ಹಲ್ಲಿನ ಹುಳುಕನ್ನು ಕೆರೆದು ತೆಗೆದು, ಹೊಸ ಬಗೆಯ ಸಿಮೆಂಟು ತುಂಬಿ, ಒಂದು ವರ್ಷದ ನಂತರ ಅದು ಉಳಿದಿದೆಯೇ ಎಂದು ನೋಡುವುದು. ಗಾದಿಗನೂರು, ಸಂಡೂರು ತಾಲ್ಲೂಕಿನ ಚೋರನೂರು, ಆಮೇಲೆ ಕಂಪ್ಲಿಯ ಹತ್ತಿರದ ಒಂದು ಊರು, ಹೀಗೆ ಮೂರು ಶಾಲೆಗಳು. ಗಾಜಿನ ನುಣುಪು ಪುಡಿಗೆ ಹುಳಿ ದ್ರವದ ಹನಿ ಸೇರಿಸಿ ಗಾಜಿನ ಫಲಕದ ಮೇಲೆ ಕಲಸುವ ಕೆಲಸ ಆಯಮ್ಮನವರದು. ಹಲ್ಲಿಗೆ ತುಂಬುವುದು ನನ್ನದು. ದಿನಗೂಲಿಯ ಮೇಲಿದ್ದ ಅವರನ್ನು ಕಾಯಂ ಮಾಡುವ ಮಾತು ಆಗಲೇ ನಡೆದಿತ್ತು. ಅಧ್ಯಯನ ಮುಗಿದ ಮೇಲೆ ನಾನು ಬರೆಯುವ ವರದಿಯ ಮೇಲೆ ಅದು ನಿಂತಿತ್ತು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಲಸಿದ ಸಿಮೆಂಟಿಗೆ ಮೊದಲು ಒಂದು ಹೊಳಪಿರುತ್ತದೆ, ಒದ್ದೆ ಕಲ್ಲಿಗಿರುವಂತೆ. ಆ ಹೊಳಪು ಇರುವಾಗಲೇ ತುಂಬಬೇಕು. ಆರಿದ ಮೇಲೆ ತುಂಬಿದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಆದರೆ ಹಲ್ಲನ್ನು ಹಿಡಿಯುವುದಿಲ್ಲ. ಶಿವರಾತ್ರಿ ಕಳೆದು ನಮ್ಮ ಕಡೆಯ ಬಿಸಿಲು ಏರತೊಡಗಿತ್ತು. ಗಾದಿಗನೂರಿನಲ್ಲಿ ಮೊದಲ ದಿನವೇ ಫಲಕ ಕಾದು, ಸಿಮೆಂಟು ಕಣ್ಣೆದುರೇ ಹೊಳಪು ಕಳೆದುಕೊಂಡಿತು. ಮರುದಿನ ಆಯಮ್ಮ ಮನೆಯಿಂದ ಒಂದು ಮಣ್ಣಿನ ಗಡಿಗೆ ತಂದರು. ನೀರು ತುಂಬಿ, ಫಲಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಡಿಗೆಯ ಹೊಟ್ಟೆಗೆ ಒರಗಿಸಿಟ್ಟರು. ಬೇಕಾದಾಗ ತೆಗೆದು, ಒಗೆದ ಬಟ್ಟೆಯಿಂದ ಎರಡು ಸಲ ಒರೆಸಿ, ಕಲಸಿ ಕೊಟ್ಟರು.

“ರೊಟ್ಟಿ ಹಿಟ್ಟು ಬಿಸಿ ಬೇಡ್ತೈತ್ರಿ, ಇದು ತಂಪು ಬೇಡ್ತೈತಿ. ಎರಡೂ ನಾದೂದ ಅಲ್ಲೇನ್ರಿ,” ಎಂದರು.

ಕೈಗೆ ಸಾಕಷ್ಟು ಸಮಯ ಸಿಗತೊಡಗಿತು. ಫಲಕದಲ್ಲಿ ನೀರಿನ ಪಸೆಯಿದೆಯೇ ಎಂದು ನಾನೇ ಬೆರಳಾಡಿಸಿ ನೋಡಿದ್ದೆ, ಇರಲಿಲ್ಲ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ನೋಡಿದ್ದೆ.

ಗಾದಿಗನೂರು ಮುಗಿಸಿ ಗಡಿಗೆಯ ಸಮೇತ ಚೋರನೂರಿಗೆ ಹೋದೆವು. ಅರ್ಧದಷ್ಟು ಮಕ್ಕಳ ಕೆಲಸ ಮುಗಿದಿದ್ದಾಗ ಹೊರ ಊರಿನ ಹಿರಿಯ ಪ್ರಾಧ್ಯಾಪಕರೊಬ್ಬರು ನಾಲ್ಕು ಮಂದಿಯೊಡನೆ ಬಂದರು. ಹಂಪಿ ನೋಡಲು ಬಂದವರು, ದಾರಿ ಬಳಸಿ ನಮ್ಮ ಕೆಲಸವನ್ನೂ ನೋಡಲು ಒಪ್ಪಿದ್ದರು. ಅವರೆದುರು ನಾನು ಸಿಮೆಂಟಿನ ಗುಣಗಳನ್ನು ವಿವರಿಸತೊಡಗಿದೆ. ಆಯಮ್ಮ ಕಲಸಿ ಹಿಡಿದು ನಿಂತರು. “ಸಾರ್, ಹೊಳಪು ಹೋಗ್ತೈತ್ರಿ,” ಎಂದು ಮೆಲ್ಲಗೆ ಹೇಳಿದರು. ನಾನು ಕೈ ಎತ್ತಿ ಸುಮ್ಮನಿರಲು ಸೂಚಿಸಿದೆ. ಅದು ಗಟ್ಟಿಯಾಯಿತು. ಮತ್ತೆ ಕಲಸಿದರು, ನನ್ನ ವಿವರಣೆ ಮುಗಿದಿರಲಿಲ್ಲ, ಅದೂ ಗಟ್ಟಿಯಾಯಿತು. ಮೂರನೆಯ ಸಲವೂ ಹಾಗೆಯೇ ಆದಾಗ ಪ್ರಾಧ್ಯಾಪಕರು ಫಲಕದ ಮೇಲಿನ ಉಂಡೆಗಳನ್ನು ನೋಡಿ, “ಏನಮ್ಮಾ, ಇಷ್ಟೊಂದು ಯಾಕೆ ಹಾಳಾಗುತ್ತಿದೆ?” ಎಂದು ಕೇಳಿದರು.

“ಏನ್ ಮಾಡೂದ್ರಿ, ನಮ್ಮ ಸಾರ್ ಬಾಯಿ ಬಂದ್ ಆಗೂದ್ರಾಗ ಸಿಮೆಂಟು ಕಲ್ಲಾಗತೈತ್ರಿ!”

ಎಲ್ಲರೂ ನಕ್ಕರು. ಪ್ರಾಧ್ಯಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಬಾಯಿ ತೆರೆದು ಬೆಂಚಿನ ಮೇಲೆ ಮಲಗಿದ್ದ ಹುಡುಗಿ ಕೂಡ ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ಮರುದಿನ ಬೆಳಿಗ್ಗೆ ಗಡಿಗೆಯನ್ನು ಶಾಲೆಯ ಹೊರಗಿಡಿಸಿದೆ. “ಇದು ನಿಯಮದಲ್ಲಿ ಇಲ್ಲ. ಇನ್ನು ಮೇಲೆ ಫಲಕ ಮೇಜಿನ ಮೇಲೇ ಇರಬೇಕು,” ಎಂದೆ. ನಿಯಮದಲ್ಲಿ ಗಡಿಗೆ ಇರಲಿಲ್ಲವೆಂಬುದು ನಿಜ. ಫಲಕ ತಂಪಾಗಿರಬೇಕೆಂಬುದು ಇತ್ತು.

ಆಯಮ್ಮನವರಿಗೆ ಕಾರಣ ತಿಳಿಯದೆ ಇರಲಿಲ್ಲ. ಮಕ್ಕಳು ಒಳಗೆ ಬರುವ ಮೊದಲು ಹತ್ತಿರ ಬಂದರು. “ನಿನ್ನೆ ನಾ ಹಂಗ ಅನಬಾರದಿತ್ತು, ತಪ್ಪಾತ್ರಿ. ಬೈರಿ ಬೇಕಾದ್ರ. ನನ್ನ ಮ್ಯಾಲಿನ ಸಿಟ್ಟು ಹುಡುಗ್ರ ಹಲ್ಲಿನ ಮ್ಯಾಲ ತೀರಿಸಬ್ಯಾಡ್ರಿ.”

ನಾನು ಉಪಕರಣಗಳನ್ನು ಜೋಡಿಸುತ್ತಾ, ಕೇಳಿಸದವನಂತಿದ್ದೆ.

ಚೋರನೂರಿನ ಉಳಿದ ಮಕ್ಕಳಿಗೂ, ಕಂಪ್ಲಿ ಕಡೆಯ ಶಾಲೆಯ ಎಲ್ಲ ಮಕ್ಕಳಿಗೂ ಕಾದ ಫಲಕದ ಮೇಲೆ ಕಲಸಿದ ಸಿಮೆಂಟನ್ನೇ ತುಂಬಿದೆ. ಆಯಮ್ಮ ಬೇಗ ಬೇಗ ಕಲಸುತ್ತಿದ್ದರು, ಕೊಡುವಾಗ ನನ್ನ ಮುಖ ನೋಡುತ್ತಿದ್ದರು. ಹೊಳಪು ಆರಿದ್ದು ಇಬ್ಬರಿಗೂ ಕಾಣುತ್ತಿತ್ತು... ನಾನು ಅದನ್ನೇ ತುಂಬುತ್ತಿದ್ದೆ.

ವರ್ಷದ ನಂತರ ಅದೇ ಶಾಲೆಗಳಿಗೆ ಹೋಗಿ ಅದೇ ಬಾಯಿಗಳನ್ನು ತೆರೆಸಿ ನೋಡಿದೆ. ತುಂಬಿದ ಸಿಮೆಂಟು ಎಷ್ಟೋ ಹಲ್ಲುಗಳಲ್ಲಿ ಬಿದ್ದುಹೋಗಿತ್ತು. ಕೆಲವು ಮಕ್ಕಳಿಗೆ ಹುಳುಕು ಒಳಗಿಳಿದು ಕೆನ್ನೆ ಊದಿತ್ತು. ಸಂಸ್ಥೆಯವರು ಕಾರಣ ಕೇಳಿದರು. ಕಂಪ್ಲಿ ಕಡೆ ಮಕ್ಕಳು ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಾರೆ, ಅದರಿಂದ ಕಿತ್ತುಬಂದಿದೆ ಎಂದು ಬರೆಯಲು ಕುಳಿತೆ. ಬರೆಯುವಾಗಲೇ ನೆನಪಾಯಿತು: ಚೋರನೂರು ಒಣಭೂಮಿ. ಅಲ್ಲಿ ಕಬ್ಬು ಎಲ್ಲಿಯದು?

ನಾನು ವ್ಯವಸ್ಥಿತವಾಗಿ ಕೆಲಸ ಮಾಡುವವನು. ಪ್ರತಿ ಮಗುವಿನ ಹಾಳೆಯ ಮೇಲೆ ದಿನಾಂಕ ಬರೆದಿದ್ದೆ. ಹಾಳೆಗಳನ್ನು ದಿನದ ಪ್ರಕಾರ ಜೋಡಿಸಿದೆ. ಗಾದಿಗನೂರಿನ ಮಕ್ಕಳಲ್ಲಿ ಬಹುಪಾಲು ಉಳಿದಿತ್ತು. ಚೋರನೂರಿನಲ್ಲಿ, ಪ್ರಾಧ್ಯಾಪಕರು ಬಂದ ದಿನದವರೆಗೆ ಉಳಿದಿತ್ತು, ಮರುದಿನದಿಂದ ಬಿದ್ದಿತ್ತು. ಅದೇ ಶಾಲೆ, ಅದೇ ಬಿಸಿಲು, ಅದೇ ಕೈಗಳು. ನಡುವೆ ಇದ್ದದ್ದು ಒಂದು ಗಡಿಗೆ ಮಾತ್ರ. ಹುಳುಕಿನ ಬಗ್ಗೆ ನಾನು ಮಾಡಿದ ಸಂಶೋಧನೆಯಲ್ಲೆಲ್ಲ ಇಷ್ಟು ಸ್ಪಷ್ಟವಾದ ಫಲಿತಾಂಶ ಮತ್ತೆಂದೂ ನನಗೆ ಸಿಗಲಿಲ್ಲ.

ಆ ಹಾಳೆಗಳನ್ನು ಎದುರಿಗಿಟ್ಟುಕೊಂಡೇ ನಾನು ವರದಿ ಬರೆದೆ, ಇಂಗ್ಲಿಷಿನಲ್ಲಿ. ತರಬೇತಿಯಿಲ್ಲದ ಸಹಾಯಕಿ ಫಲಕವನ್ನು ನೀರಿನ ಗಡಿಗೆಗೆ ತಾಗಿಸಿಟ್ಟದ್ದರಿಂದ ಸಿಮೆಂಟಿಗೆ ನೀರು ಸೇರಿತೆಂದೂ, ಆಕೆಯ ಅಜಾಗರೂಕತೆಯೇ ವೈಫಲ್ಯಕ್ಕೆ ಕಾರಣವೆಂದೂ ಬರೆದು ಸಹಿ ಹಾಕಿದೆ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಗೊತ್ತಿದ್ದೇ ಸಹಿ ಹಾಕಿದೆ.

ಕೆಲವು ವಾರಗಳ ನಂತರ ಆಯಮ್ಮ ಒಂದು ಕಾಗದ ಹಿಡಿದು ನನ್ನ ಕೋಣೆಗೆ ಬಂದರು. ಅದೂ ಇಂಗ್ಲಿಷಿನಲ್ಲಿತ್ತು. ಸಂಸ್ಥೆಯಲ್ಲಿ ಅದನ್ನು ಓದಿ ಹೇಳಬಲ್ಲವರು ಹತ್ತು ಜನರಿದ್ದರು. ಅವರು ನನ್ನ ಬಳಿಯೇ ಬಂದರು.

“ಕಾಯಂ ಆತೇನ್ರಿ ಸಾರ್? ಜಲ್ದಿ ಓದ್ರಿ, ಎದಿ ಹೊಡಕೊಳ್ಳಾಕತ್ತೈತಿ.”

ಓದಿದೆ. ನನ್ನದೇ ವಾಕ್ಯವನ್ನು ಅಕ್ಷರವೂ ಬಿಡದೆ ಅಲ್ಲಿ ಎತ್ತಿ ಬರೆದಿದ್ದರು. “ಇಲ್ಲ. ಮುಂದಿನ ತಿಂಗಳಿಂದ ಕೆಲಸಕ್ಕೆ ಬರುವುದು ಬೇಡ ಎಂದಿದ್ದಾರೆ,” ಎಂದೆ.

“ಯಾಕಂತ ಬರದಾರ್ರಿ?”

“ಕಾರಣ ಏನೂ ಬರೆದಿಲ್ಲ.”

ಅವರು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು, ಅದರ ಸಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. “ಇಷ್ಟುದ್ದ ಬರದಾರಲ್ರಿ...” ಎಂದರು. ನಾನು ಕಿಟಕಿಯ ಕಡೆ ತಿರುಗಿದೆ. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಚಿಕಿತ್ಸಾಲಯದಿಂದ ಬಂದ ಮರುವಾರ ಪಾಪಿನಾಯಕನಹಳ್ಳಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವರು ಮಗಳು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾರೆ. ಆಗಷ್ಟೇ ಕೆಲಸದಿಂದ ಬಂದಿದ್ದರು. “ಅವ್ವ ಹೋಗಿ ಮೂರು ವರ್ಷ ಆತ್ರಿ. ಒಳಗ ಬರ್ರಿ, ಕುಂದ್ರಿ,” ಎಂದರು.

ನಾನು ಕುಳಿತುಕೊಳ್ಳಲಿಲ್ಲ. ನಾನು ಯಾರೆಂಬುದನ್ನು, ಏನು ಬರೆದೆನೆಂಬುದನ್ನು, ಏನು ಓದದೆ ಬಿಟ್ಟೆನೆಂಬುದನ್ನು ನಿಂತುಕೊಂಡೇ ಹೇಳಿದೆ. ಮುಗಿದ ಮೇಲೆ ಆಕೆ, “ಗೊತ್ತೈತ್ರಿ,” ಎಂದರು.

ಹೈಸ್ಕೂಲಿನಲ್ಲಿದ್ದಾಗ ಆ ಕಾಗದವನ್ನು ತಾಯಿಗೆ ಓದಿ ಹೇಳಿದವರು ಅವರೇ.

“ಎರಡು ಸಲ ಓದಿಸಿದ್ಲು. ಆಮ್ಯಾಲ ನಕ್ಕೋಂತ ಅಂದ್ಲು: ಪಾಪ, ನಮ್ಮ ಸಾರ್‌ಗೆ ಇಂಗ್ಲಿಷು ಬರ್ತಿದ್ದಿಲ್ಲ ಕಾಣತೈತಿ.” ಮತ್ತೆ ಹೇಳಿದರು: “ನಕ್ಕಿದ್ದೇನೋ ಖರೆ. ಅವತ್ತು ಉಣ್ಣಲಿಲ್ಲ.”

ನಡೆದದ್ದನ್ನೆಲ್ಲ ಅಚ್ಚಿನಲ್ಲಿ ಬರೆಯುತ್ತೇನೆ, ಆ ಉಪಾಯ ಅವರದೆಂದು ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಆಕೆ ತಾಯಿಯ ಭಾವಚಿತ್ರದ ಕಡೆ ನೋಡಿದರು.

“ಬರೀರಿ. ನೀವು ಮಾಡಿದ್ದನ್ನ ನೀವ ಬರೀಬೇಕು. ಆದ್ರ ನಮ್ಮವ್ವನ ಹೆಸರು ಹಾಕಬ್ಯಾಡ್ರಿ. ಆಕಿ ಹೆಸರು ನಿಮ್ಮ ಕೈಗೆ ಸಿಕ್ಕು ಏನಾತು ಅಂತ ಒಂದು ಸಲ ನೋಡೀವಿ.”

ಆ ಮಾತಿಗೆ ನಾನು ಸಿಟ್ಟಾಗಲಿಲ್ಲ. ಸಿಟ್ಟಾಗುವ ಹಕ್ಕು ನನಗಿರಲಿಲ್ಲ.

ಹೀಗಾಗಿ ಇಲ್ಲಿ ಹೆಸರಿಲ್ಲ. ಸಂಸ್ಥೆಗೂ ಒಂದು ಪತ್ರ ಕಳುಹಿಸಿದ್ದೇನೆ: ಫಲಕ ಒಣಗಿತ್ತು, ಆಯಾ ಅವರದು ಯಾವ ತಪ್ಪೂ ಇರಲಿಲ್ಲ, ತಪ್ಪು ನನ್ನದು. ಪತ್ರವನ್ನು ಕನ್ನಡದಲ್ಲಿ, ಬಿಡಿಬಿಡಿಯಾದ ದೊಡ್ಡ ಅಕ್ಷರಗಳಲ್ಲಿ ಬರೆದೆ. ಕೂಡಿಸಿಕೊಂಡು ಓದುವವರಿಗೆ ಅನುಕೂಲವಾಗುವ ಹಾಗೆ. ಬರೆದು ಮುಗಿಸಿದ ಮೇಲೆ, ಅದನ್ನು ಹಾಗೆ ಓದಬೇಕಾದವರು ಈಗ ಇಲ್ಲವೆಂಬುದು ಅರಿವಿಗೆ ಬಂತು...