ಟವೆಲ್ ಮೇಲಿನ ಕೆಂಪು

ಆ ಭಾನುವಾರ ಸಂಜೆಯೂ ಟಿವಿಯ ಸಿನಿಮಾದಲ್ಲಿ ನಾಯಕ ಕೆಮ್ಮಿದ. ಜೇಬಿನಿಂದ ಬಿಳಿ ಕರ್ಚೀಫ್ ತೆಗೆದು ಬಾಯಿ ಒರೆಸಿಕೊಂಡ. ಅದರ ಮೇಲೊಂದು ಕೆಂಪು ಕಲೆ.

"ಮುಗೀತು ಬಿಡಿ ಇವನ ಕಥೆ" ಅಂದರು ಅತ್ತಿಗೆ, ಅವರೆಕಾಯಿ ಸುಲಿಯುತ್ತಲೇ.

ನೀವೂ ಹೀಗೇ ಅಂದಿರುತ್ತೀರಿ. ಡಾಕ್ಟರ್ ಬರಬೇಕಿಲ್ಲ, ಎಕ್ಸ್‌ರೇ ಬೇಕಿಲ್ಲ. ಆ ಕಲೆ ಕಂಡರೆ ಸಾಕು, ಇಡೀ ಟಾಕೀಸಿಗೆ ವಿಷಯ ಗೊತ್ತಾಗುತ್ತದೆ. ಇದನ್ನು ನಮಗೆ ಯಾವ ಮೇಷ್ಟ್ರು ಹೇಳಿಕೊಟ್ಟರು? (ಬಿಳಿ ಕರ್ಚೀಫ್ ಬೇರೆ! ನಮ್ಮ ದೊಡ್ಡಬಳ್ಳಾಪುರದಲ್ಲಿ ಅದನ್ನು ಇಟ್ಟುಕೊಳ್ಳುವವನು ಮದುವೆ ಗಂಡು ಮಾತ್ರ.)

ಅಷ್ಟರಲ್ಲಿ ನಮ್ಮಣ್ಣನೂ ಕೆಮ್ಮಿದ. ಹೆಗಲ ಟವೆಲಿನಿಂದ ಬಾಯಿ ಒರೆಸಿಕೊಂಡು, ಎತ್ತಿ ತೋರಿಸಿದ. ಕೆಂಪು.

"ನೋಡ್ರಪ್ಪಾ, ನಾನೂ ಹೀರೋ ಆಗ್ಬಿಟ್ಟೆ!"

"ಇನ್ನೊಂದು ಹಾಡು ಬಾಕಿ ಐತೆ ಕಣಣ್ಣ. ಅದು ಮುಗಿಯೋಗಂಟ ಸಾಯಂಗಿಲ್ಲ" ಅಂದೆ ನಾನು.

"ಥೂ, ಇಬ್ರಿಗೂ ಬುದ್ಧಿ ಇಲ್ಲ. ಬಕೆಟ್‌ಗೆ ಹಾಕ್ರೀ ಅದನ್ನ" ಅಂದರು ಅತ್ತಿಗೆ. ಎಲ್ಲರೂ ನಕ್ಕೆವು.

ಇದು ನಮ್ಮ ಮನೆಯ ಹಳೇ ಜೋಕು. ಪವರ್‌ಲೂಮ್ ಇರುವ ಮನೆಯಲ್ಲಿ ನೂಲಿನ ಧೂಳು ಮೂಗಿಗೂ ಗಂಟಲಿಗೂ ಹೋಗುತ್ತದೆ. ಮಗ್ಗದಲ್ಲಿ ಯಾವ ಬಣ್ಣವೋ, ಕಫಕ್ಕೂ ಅದೇ ಬಣ್ಣ. ಕೆಂಪು ಸೀರೆ ನೇಯುವ ವಾರ ನಾವೆಲ್ಲ ಹೀರೋಗಳೇ.

ಸೋಮವಾರ ಬೆಳಿಗ್ಗೆ ಮಗ್ಗದ ಸ್ವಿಚ್ ಹಾಕಿದೆ. ಅಣ್ಣನ ಮಗ್ಗದಲ್ಲಿ ಹಸಿರು ಸೀರೆ. ಪಕ್ಕದ ನನ್ನ ಮಗ್ಗದಲ್ಲೂ ಹಸಿರೇ. ಕೆಂಪು ಮುಗಿದು ಎಂಟು ದಿನವಾಗಿತ್ತು. ಕೆಂಪಿನ ತುದಿಗೆ ಹಸಿರು ನೂಲಿನ ಎಳೆಗಳನ್ನು ಗಂಟು ಹಾಕಿದವನು ನಾನೇ.

ಒಳಗೆ ಓಡಿದೆ. ಅತ್ತಿಗೆ ಟವೆಲ್ ಒಗೆದು ತಂತಿಗೆ ಹಾಕಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ರಕ್ತ ಯಾವಾಗಿಂದ ಬೀಳ್ತಿದೆ?"

ನಾವು ಮೂವರೂ ಬೆರಳು ಮಡಚಿ ದಿನ ಎಣಿಸತೊಡಗಿದೆವು. ಯಾವ ದಿನದ ಕೆಂಪು ಸೀರೆಯದು, ಯಾವ ದಿನದ್ದು ಅಣ್ಣನದು? ಹೇಳುವುದು ಹೇಗೆ?

ಮೂರು ತಿಂಗಳಿಗೆ ಅಣ್ಣ ತೀರಿಕೊಂಡ.

ಆ ಕೆಂಪಿನ ಅರ್ಥ ನಮಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಅದು ಸಿನಿಮಾದವರ ಸ್ವತ್ತು ಅಂದುಕೊಂಡಿದ್ದೆವು. ತೆರೆಯ ಮೇಲೆ ಅಷ್ಟು ಸಲ ನೋಡಿ ನಕ್ಕದ್ದು ಮನೆಗೇ ಬಂದು ನಿಂತರೆ, ನಿಜ ಅಂತ ಅನ್ನಿಸುವುದಾದರೂ ಹೇಗೆ?

ಮೊನ್ನೆ ನನ್ನ ಮಗ್ಗಕ್ಕೆ ಮತ್ತೆ ಕೆಂಪು ನೂಲು ಬಂತು. ಕೆಮ್ಮಿದೆ. ಟವೆಲ್ ನೋಡಿಕೊಂಡೆ, ಕೆಂಪು.

ಎತ್ತಿ ತೋರಿಸೋಣವೆಂದರೆ ಪಕ್ಕದ ಮಗ್ಗದಲ್ಲಿ ಅಣ್ಣ ಇಲ್ಲ.