ಗುಡ್ಡ ಅಲ್ಲ, ಗುಡ್ಡು

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ಮರುವರ್ಷ ನನಗೆ ಮಸ್ಕಿಯಿಂದ ಗೊರೇಬಾಳದ ಕಡೆಯ ಒಂದು ಸರಕಾರಿ ಪ್ರಾಥಮಿಕ ಶಾಲೆಗೆ ವರ್ಗವಾಯಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಕೋಣೆ ನನ್ನದು. ಇಂಗ್ಲಿಷ್ ಪದಗಳನ್ನು ನಾನು ಆಟದಲ್ಲೇ ಕಲಿಸುತ್ತಿದ್ದೆ. 'ಡೋರ್' ಎಂದರೆ ಮಕ್ಕಳು ಬಾಗಿಲಿಗೆ ಓಡಬೇಕು. ಚೀಲದೊಳಗೆ ಕೈಹಾಕಿ, ನೋಡದೆ ಮುಟ್ಟಿ, ವಸ್ತುವಿನ ಹೆಸರು ಹೇಳಬೇಕು.

ಎಲ್ಲರೂ ಓಡುವಾಗ ಒಬ್ಬಳು ಮಾತ್ರ ಗೋಡೆಗೆ ಆತು ನಿಂತಿರುತ್ತಿದ್ದಳು. ಅವಳೇ ಒಂದನೆಯ ತರಗತಿಯ ಶ್ರಾವಣಿ. ಕಾಲುವೆ ನೀರು ಬಂದ ಕಾಲದಲ್ಲಿ ಆಂಧ್ರದ ರೈತರು ಬಂದು ನೆಲೆಸಿದ ಜಾಗಗಳನ್ನು ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಅಂಥ ಒಂದು ಕ್ಯಾಂಪಿನಲ್ಲಿ ಅವಳ ಅಪ್ಪ ವೆಂಕಟೇಶು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅಲ್ಲಿನ ಉಳಿದ ಮಕ್ಕಳೆಲ್ಲ ವ್ಯಾನಿನಲ್ಲಿ ಸಿಂಧನೂರಿನ ಕಾನ್ವೆಂಟಿಗೆ ಹೋಗುತ್ತಿದ್ದರು. ನಮ್ಮಲ್ಲಿಗೆ ಬರುವವಳು ಇವಳೊಬ್ಬಳೇ. ನಾನು ಬರುವ ಮೊದಲೇ ಮಕ್ಕಳು ಅವಳಿಗೆ 'ಮೂಗಿ' ಎಂದು ಹೆಸರಿಟ್ಟಾಗಿತ್ತು.

ಭತ್ತದ ಕೊಯ್ಲಿಗೆ ಮುಂಚೆ ವೆಂಕಟೇಶು ಶಾಲೆಗೆ ಬಂದ.

"ನಮ್ಮ ಪಾಪನ್ನ ಸಾಲಿ ಬಿಡಿಸ್ತೀನ್ರಿ ಟೀಚರ್. ಮನ್ಯಾಗೂ ಮಾತು ಕಮ್ಮಿ ಮಾಡ್ಯಾಳ. ಆಂಧ್ರದಾಗ, ನಮ್ಮ ಊರಾಗ, ನಮ್ಮವ್ವನ ಹತ್ರ ಬಿಡ್ತೀನಿ."

"ಅಲ್ಲಿ ಸಾಲಿ ಐತೇನಪ್ಪಾ?"

"ದೂರ ಐತ್ರಿ. ಇಷ್ಟು ಸಣ್ಣಾಕಿ ಹೆಂಗ ಹೋಗ್ತಾಳ?"

ಕೊಯ್ಲು ಮುಗಿಯುವವರೆಗೆ ತಡೆ ಎಂದು ಬೇಡಿಕೊಂಡೆ. ಒಪ್ಪಿದ. ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಬಸ್ಸಿನ ಕಿಟಕಿಯಲ್ಲಿ ಗದ್ದೆಗಳು ಹಳದಿಗೆ ತಿರುಗುವುದನ್ನು ಕಂಡರೆ ಉಳಿದ ದಿನ ಎಣಿಸುತ್ತಿದ್ದೆ. ಕೊಯ್ಲಿನ ಯಂತ್ರವೊಂದು ಎದುರಿಗೆ ಬಂದರೆ ಸೀಟಿನಲ್ಲಿ ಕೂರಲಾಗುತ್ತಿರಲಿಲ್ಲ. ಹೊಸ ಹೊಸ ಆಟ ಹೂಡಿದೆ. ಚೆಂಡು ಕೊಟ್ಟೆ, ಗೊಂಬೆ ಕೊಟ್ಟೆ. ಅವಳು ಬಾಯಿ ಬಿಡಲಿಲ್ಲ.

ಒಂದು ದಿನ ಚಿತ್ರದ ಕಾರ್ಡ್ ಹಂಚುವಾಗ ಅವಳಿಗೆ ಕೋಳಿಯ ಕಾರ್ಡ್ ಬಂತು. ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಮೂರನೆಯ ತರಗತಿಯ ಹುಲಿಗೆಮ್ಮನನ್ನು ಹೊರಗೆ ಕರೆದು ಕೇಳಿದೆ.

"ಸಾಲಿಗೆ ಬಂದ ದಿನ ಅಕಿ ಕೋಳಿಗೆ 'ಕೋಡಿ' ಅಂದಿದ್ಳ್ರಿ. ನಾವೆಲ್ಲಾ ಭಾಳ ನಕ್ವಿ. ಆಮ್ಯಾಲ ಮಾತಾಡೇ ಇಲ್ರಿ."

ಅವಳ ಮನೆಮಾತಾದ ತೆಲುಗಿನಲ್ಲಿ ಕೋಡಿ ಎಂದರೆ ಕೋಳಿಯೇ. ಅವಳು ಸರಿಯಾಗಿಯೇ ಹೇಳಿದ್ದಳು.

ಮರುದಿನ ಬಸ್ಸಿನಲ್ಲಿ ಪಕ್ಕ ಕುಳಿತ, ಕ್ಯಾಂಪಿಗೆ ಕೂಲಿಗೆ ಹೋಗುವ ಹೆಂಗಸಿನಿಂದ ನಾಲ್ಕಾರು ತೆಲುಗು ಪದ ಕೇಳಿಕೊಂಡೆ. ಅವತ್ತು ಬಿಸಿಯೂಟಕ್ಕೆ ಮೊಟ್ಟೆ ಇತ್ತು. ಒಂದನ್ನು ತಂದು ಚೀಲಕ್ಕೆ ಹಾಕಿ, ನಾನೇ ಕೈಹಾಕಿದೆ.

"ಇದು ತತ್ತಿ. ಶ್ರಾವಣಿ ಮನ್ಯಾಗ ಇದಕ್ಕ ಗುಡ್ಡ ಅಂತಾರ" ಎಂದೆ.

ಕೋಣೆಯೆಲ್ಲ ನಗೆ. "ಗುಡ್ಡ ಅಂದ್ರ ಬೆಟ್ಟ ಅಲ್ಲೇನ್ರೀ ಟೀಚರ್!" ಬೇಕೆಂದೇ ಆಡಿದ ತಪ್ಪಲ್ಲ ಅದು. ಕಲಿತ ಪದ ನಾಲಿಗೆಯಲ್ಲಿ ಜಾರಿತ್ತು. ನನಗೂ ನಗು ತಡೆಯಲಾಗಲಿಲ್ಲ. ಆ ಗದ್ದಲದ ನಡುವೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು.

"ಗುಡ್ಡ ಕಾದು. ಗುಡ್ಡು."

ಕಾದು ಎಂದರೆ ಅಲ್ಲ. ನಗುವುದು ಬಿಟ್ಟು ಎಲ್ಲರೂ ಗೋಡೆಯ ಕಡೆ ತಿರುಗಿದರು. ಈಗ ಮತ್ತೆ ಯಾರಾದರೂ ನಕ್ಕರೆ ಎಲ್ಲ ಮುಗಿಯಿತು ಎಂದುಕೊಂಡೆ. ಹುಲಿಗೆಮ್ಮ ಮೆಲ್ಲಗೆ "ಗುಡ್ಡು" ಎಂದಳು. ಉಳಿದವರೂ ಅಂದರು. ನಾನು ಮೊಟ್ಟೆಯನ್ನು ಎತ್ತಿ ಹಿಡಿದೆ.

"ಇಂಗ್ಲಿಷ್‌ನ್ಯಾಗ?"

ಯಾರಿಗೂ ಗೊತ್ತಿರಲಿಲ್ಲ. "ಎಗ್" ಎಂದೆ. ಎಲ್ಲರಿಗೂ ಅದು ಹೊಸದು, ಎಲ್ಲರೂ ಅದನ್ನು ತಪ್ಪಾಗಿಯೇ ಅಂದರು. ಶ್ರಾವಣಿಯೂ ಕೂಗಿದಳು, "ಯೆಗ್ಗು!"

ಅಂದಿನಿಂದ ಪ್ರತಿ ವಸ್ತುವಿಗೂ ಮೂರು ಹೆಸರು ಹೇಳುವುದೇ ಆಟವಾಯಿತು. ತೆಲುಗಿನ ಹೆಸರಿಗೆ ಮಕ್ಕಳು ಅವಳನ್ನು ಮುತ್ತುತ್ತಿದ್ದರು.

ಕೊಯ್ಲು ಮುಗಿದ ಮೇಲೆ ವೆಂಕಟೇಶು ಮತ್ತೆ ಬಂದ. ಅವನು ಬಾಯಿ ತೆರೆಯುವವರೆಗೂ ನಾನು ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದೆ.

"ಕೋಳಿ, ಎಮ್ಮಿ, ಚಂಬು ಎಲ್ಲಾದಕ್ಕೂ ಇಂಗ್ಲಿಷ್ ಕೇಳಾಕತ್ತ್ಯಾಳ್ರಿ. ನಮಗ ಬರಂಗಿಲ್ಲ ಅಂದ್ರ ಬೈತಾಳ. ನೀವಾ ಇಟ್ಕೊಳ್ರಿ ಟೀಚರ್."

ಈಗ ನಾನು ಲಿಂಗಸುಗೂರಿನ ಶಾಲೆಯಲ್ಲಿದ್ದೇನೆ. ಮಕ್ಕಳು ಹೊಸ ಪದಕ್ಕೆ ಹೆದರುವುದಿಲ್ಲ, ನಗೆಗೆ ಹೆದರುತ್ತಾರೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ, ನಿಮ್ಮ ಮನೆಯಲ್ಲಿ ಆಡುವ ಒಂದು ಮಾತನ್ನು ನನಗೆ ಕಲಿಸಿ ಎನ್ನುತ್ತೇನೆ. ಉರ್ದು, ತೆಲುಗು, ಲಂಬಾಣಿ, ಯಾವುದಾದರೂ ಸರಿ. ಖಂಡಿತ ತಪ್ಪಾಗಿ ಹೇಳುತ್ತೇನೆ. ಅವರು ಹೊಟ್ಟೆ ಹಿಡಿದು ನಗುತ್ತಾರೆ. ಆಮೇಲೆ ಪಾಠ ಸುರು ಮಾಡುತ್ತೇನೆ.