ಮರಳಿನ ಬಕೆಟ್ಟಿನಲ್ಲಿ ನೀಲಿ ಹರಳು

ನಮ್ಮ ದಾವಣಗೆರೆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ಬಂಗಾರಪ್ಪ ಹರಿಹರದವರು. ಲ್ಯಾಬಿಗೆ ಬರುವ ಮೊದಲು ಕಲ್ಲುಸಕ್ಕರೆ ಭಟ್ಟಿಯಲ್ಲಿದ್ದರು. ಪಾಕದಲ್ಲಿ ದಾರ ಇಳಿಬಿಟ್ಟು, ಗೋಣಿ ಹೊದಿಸಿ ಬೀಗ ಹಾಕಿದರೆ, ಸಕ್ಕರೆ ಹರಳುಗಟ್ಟುವ ತನಕ ವಾರಗಟ್ಟಲೆ ಸಾಹುಕಾರರೂ ಆ ಕೋಣೆಗೆ ಕಾಲಿಡುವಂತಿರಲಿಲ್ಲವಂತೆ. ಆಮೇಲೆ ಮೂವತ್ತು ವರ್ಷ ನಮ್ಮಲ್ಲಿ ಗಾಜು ತೊಳೆದರು.

1998ರಲ್ಲಿ ನಾನು ಅಲ್ಲಿ ಪ್ರಾಜೆಕ್ಟ್ ಸಹಾಯಕ. ಕೆಲಸ ತಾತ್ಕಾಲಿಕ, ಜಂಬ ಮಾತ್ರ ಕಾಯಂ. ಮರೆವಿನ ಕಾಯಿಲೆ ಬಂದ ಮುದುಕರ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಕಟ್ಟುತ್ತದೆ. ಅದರದೇ ಒಂದು ಚೂರು, ಪೆಪ್ಟೈಡು, ನಮ್ಮ ಸರಕು. ತಾಮ್ರದ ಲವಣದ ಜೊತೆ ಅದನ್ನು ಕರಗಿಸಿ ಸಣ್ಣ ಸೀಸೆಗಳಲ್ಲಿಡುವುದು. ನೀರು ನಿಧಾನಕ್ಕೆ ಆರಿದಂತೆ ತಾಮ್ರದ ಅಯಾನುಗಳು ಪೆಪ್ಟೈಡುಗಳ ಕೈಹಿಡಿದು ಸಾಲಾಗಿ ನಿಲ್ಲಿಸಬೇಕು. ಹರಳಾದರೆ ಎಕ್ಸ್-ರೇ ಹಾಯಿಸಿ ಆ ಜೋಡಣೆಯನ್ನು ತಿಳಿಯಬಹುದು. ನಮಗೆ ಸಿಗುತ್ತಿದ್ದದ್ದು ಬರೀ ಲೋಳೆ. ಉಳಿದಿದ್ದ ಕೊನೆಯ ಪೆಪ್ಟೈಡು ಆರು ಸೀಸೆಗಳಲ್ಲಿತ್ತು. ಅದೂ ಕೆಟ್ಟರೆ ಪ್ರಾಜೆಕ್ಟ್ ಬಂದ್, ನಾನು ಮನೆಗೆ.

ಆ ಆರನ್ನೂ ದಿನಕ್ಕೆ ಮೂರು ಸಲ ಎತ್ತಿ, ಬೆಳಕಿಗೆ ಹಿಡಿದು ಅಲುಗಿಸುತ್ತಿದ್ದೆ.

"ತಮ್ಮಾ, ಹಂಗ ಅಲುಗಿಸಬ್ಯಾಡ," ಎಂದಿದ್ದರು ಬಂಗಾರಪ್ಪ. ನಾನು ಎಂ.ಎಸ್ಸಿ. ಮಾಡಿದವನು, ಕೇಳಲಿಲ್ಲ.

ಅಕ್ಕನ ಮದುವೆಗೆ ಹನ್ನೆರಡು ದಿನ ರಜೆ ಹಾಕಿ, ಮುಗಿಸಿ ಬಂದು ನೋಡಿದರೆ ಸ್ಟ್ಯಾಂಡು ಖಾಲಿ. ಸಿಂಕಿನ ಪಕ್ಕ ಯಾರೋ ತೊಳೆದು ಬೋರಲು ಹಾಕಿದ ಆರು ಸೀಸೆ. ಬಂಗಾರಪ್ಪ ಅವತ್ತು ರಜೆ. ಹರಿಹರದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದೆ.

ಬಾಗಿಲು ತೆಗೆದ ಅವರ ಹೆಂಡತಿ ಓಬವ್ವ, "ಬರ್ರಿ, ಕೂಡ್ರಿ. ಮುಖ ಯಾಕ ಹಿಂಗೈತೆ?" ಎಂದರು.

ನಾನು ಕೂರದೆ, ಒಳಗಿದ್ದ ಬಂಗಾರಪ್ಪನವರನ್ನೇ ಕೇಳಿದೆ: "ಬಂಗಾರಪ್ಪಾರೇ, ನನ್ನ ಸೀಸೆ ತೊಳೆದುಬಿಟ್ರಾ?"

"ನಿನ್ನವು ನಾನ್ಯಾಕ ತೊಳೀಲಿ? ತೊಳೆದಿದ್ದು ಹ್ವಾದ ತಿಂಗಳು ನೀ ಕೆಡಿಸಿದ್ದವು. ಇವು ಸ್ಟೋರ್ ರೂಮಿನ್ಯಾಗ ಅದಾವೆ. ಬೆಂಕಿ ಆರ್ಸೋ ಕೆಂಪು ಬಕೆಟ್ ಐತಲ್ಲ, ಅದರ ಮರಳಾಗ ಕುತ್ತಿಗಿ ಮಟ ಹುಗಿದೀನಿ. ರೋಡಿನ್ಯಾಗ ಲಾರಿ ಹೋದ್ರೂ ಅಲುಗಂಗಿಲ್ಲ."

"ಹೇಳಬಾರದಿತ್ತಾ?"

"ಹೇಳಿದ್ರೆ ಮದುವಿ ಬಿಟ್ಟು ನೋಡಾಕ ಬರ್ತಿದ್ದೆ."

ಓಬವ್ವ ಸೆರಗು ಬಾಯಿಗಿಟ್ಟು ನಕ್ಕರು, ಒಗ್ಗರಣೆ ಮಂಡಕ್ಕಿ ತಂದಿಟ್ಟರು. ಬೆಳಗಿನಿಂದ ಏನೂ ತಿಂದಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಎರಡು ತಟ್ಟೆ ಖಾಲಿ ಮಾಡಿದೆ.

ಮರುದಿನ ನಮ್ಮ ಗೈಡ್ ಮಹಾಂತೇಶ್ ಸರ್ ಎದುರು ಬಂಗಾರಪ್ಪನವರೇ ಸೀಸೆಗಳನ್ನು ಮೆಲ್ಲಗೆ ಹೊರತೆಗೆದರು. ಐದರಲ್ಲಿ ಅದೇ ಲೋಳೆ. ಆರನೆಯದರ ತಳದಲ್ಲಿ ಎಳ್ಳಿಗಿಂತ ಸಣ್ಣ, ಅಂಚು ಚೂಪಾದ ನಾಲ್ಕು ನೀಲಿ ಹರಳು. ಸರ್ ಲೆನ್ಸಿನಿಂದ ಕಣ್ಣು ತೆಗೆಯಲೇ ಇಲ್ಲ.

"ನಾಳೆನೇ ಬೆಂಗಳೂರಿಗೆ ಎಕ್ಸ್-ರೇಗೆ ಕಳಿಸೋಣ. ಇನ್ನೊಂದು ವರ್ಷ ನೀನು ಇಲ್ಲೇ ಕಣಯ್ಯ. ಈ ಸಲ ಹೆಂಗೆ ಮಾಡಿದೆ?"

"ನಾನು ಊರಲ್ಲಿರಲಿಲ್ಲ ಸರ್, ಅದಕ್ಕೇ ಆಯ್ತು. ಮಾಡಿದ್ದು ಬಂಗಾರಪ್ಪ."

ಇನ್ನೊಮ್ಮೆ ನೋಡೋಣವೆಂದು ಸೀಸೆಗೆ ಕೈ ಚಾಚಿದೆ. ಬಂಗಾರಪ್ಪ ಅದನ್ನು ಮತ್ತೆ ಮರಳಿಗಿಳಿಸಿ, ಬಕೆಟ್ಟು ಎತ್ತಿಕೊಂಡು ಸ್ಟೋರ್ ರೂಮಿಗೆ ಹೋಗಿ ಬೀಗ ಹಾಕಿದರು.